ಸೆರಗಿನ ಗಂಟಿನ ಬೇಳೆ

ನಿನ್ನೆ ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ಕುಕ್ಕರು ಆರು ಸೀಟಿ ಹೊಡೆಯಿತು, ಏಳನೆಯದನ್ನೂ ಹೊಡೆಯಿತು. ಮುಚ್ಚಳ ತೆಗೆದು ನೋಡಿದರೆ ತೊಗರಿಬೇಳೆ ಈಗಷ್ಟೇ ಅಂಗಡಿಯಿಂದ ಬಂದ ಹಾಗೆ ಬಿಡಿಬಿಡಿಯಾಗಿ ಕೂತಿತ್ತು. ನಮ್ಮ ಯಜಮಾನರು ಕುಕ್ಕರಿನ ರಬ್ಬರನ್ನು ಅನುಮಾನಿಸಿದರು. ಸೊಸೆ ಕಿರಾಣಿ ಅಂಗಡಿಯವನನ್ನು ಅನುಮಾನಿಸಿದಳು. ನಾನು ಒಂದು ಗುಟುಕು ನೀರನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಆಡಿಸಿ, "ಸವಳು" ಎಂದೆ. ನಳ ಬಾರದೆ ನಾಲ್ಕು ದಿನವಾಗಿತ್ತು, ಟ್ಯಾಂಕರ್ ತರಿಸಿದ್ದೆವು. ಟ್ಯಾಂಕರಿನವನು ಯಾವುದೋ ಬೋರಿನ ಉಪ್ಪುಪ್ಪು ನೀರು ತಂದು ಸುರಿದು ಹೋಗಿದ್ದ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈ ತಾನಾಗಿಯೇ ತಲೆಗೂದಲಿಗೆ ಹೋಗಿತ್ತು. ಬೇಳೆಗೂ ಕೂದಲಿಗೂ ಏನು ಸಂಬಂಧ ಎಂದು ಸೊಸೆ ಕೇಳಿದಳು. ಇದೆ. ಆ ಸಂಬಂಧದ ದೆಸೆಯಿಂದ ನಮ್ಮ ಸಿದ್ದಣ್ಣ ಕಾಕಾನ ಮದುವೆ ಮುರಿದು ಬೀಳುವುದರಲ್ಲಿತ್ತು.

ನನ್ನ ತವರು ದೇವರ ಹಿಪ್ಪರಗಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ತಾಸು ಎರೆಹೊಲಗಳ ನಡುವೆ ನಡೆದರೆ ಸಿಗುವ ಸಣ್ಣ ಹಳ್ಳಿ. ಊರಿಗೆಲ್ಲ ಒಂದೇ ಬಾವಿ. ಎಪ್ಪತ್ತೆರಡರ ಬರದಲ್ಲಿ ಸುತ್ತಲಿನ ಬಾವಿಗಳೆಲ್ಲ ತಳ ಕಂಡರೂ ನಮ್ಮದು ಬತ್ತಲಿಲ್ಲ ಎಂದು ನಮ್ಮವರು ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದರು. ಅದರ ನೀರು ಸವಳು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಂದ ಬೀಗರು ಮೊದಲ ಗುಟುಕಿಗೇ ಮುಖ ಕಿವುಚಿ, ಎರಡನೆಯ ಗುಟುಕನ್ನು ಮರ್ಯಾದೆಗೆಂದು ನುಂಗುತ್ತಿದ್ದರು. ಆ ನೀರಿನಲ್ಲಿ ಸಾಬೂನು ಉಜ್ಜಿದರೆ ನೊರೆ ಬರುತ್ತಿರಲಿಲ್ಲ. ಮೊಸರು ಮೊಸರಾದ ಜಿಡ್ಡೊಂದು ಮೈಗೆ ಅಂಟಿಕೊಳ್ಳುತ್ತಿತ್ತು, ಅಷ್ಟೆ. ತಲೆಗೆ ಎರೆದುಕೊಂಡರೆ ಕೂದಲು ತೆಂಗಿನ ನಾರು. ನಮ್ಮೂರ ಹುಡುಗಿಯರ ಜಡೆಗಳೆಲ್ಲ ಬೆನ್ನ ಮೇಲೆ ಇಳಿಯದೆ ಅಡ್ಡಡ್ಡ ನಿಲ್ಲುತ್ತಿದ್ದವು. ಇದೆಲ್ಲವನ್ನೂ ಸಹಿಸಬಹುದಿತ್ತು. ಆದರೆ ಆ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ತೊಗರಿ ಬೆಳೆಯುವ ಊರಿನಲ್ಲಿ ಬೇಳೆ ಬೇಯುವುದಿಲ್ಲ ಎಂದರೆ ಎಂಥ ಅವಮಾನ, ನೀವೇ ಹೇಳಿ.

ಅದಕ್ಕೇ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದು ಹರವಿ ಇಟ್ಟುಕೊಂಡಿದ್ದಳು. ಹರವಿ ಎಂದರೆ ನಾನು ಒಳಗೆ ಕೂತರೆ ಹೊರಗೆ ಕಾಣಿಸದಷ್ಟು ದೊಡ್ಡ ಮಣ್ಣಿನ ಮಡಕೆ. ಅದನ್ನು ಅಡುಗೆಮನೆಯ ಮೂಲೆಯಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದಳು. ಪಡಸಾಲೆಯ ಮುಂದಿನ ತಗಡಿನ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಕೊಡದಲ್ಲಿ ಹಿಡಿದು, ಹಳೆಯ ಧೋತರದಲ್ಲಿ ಸೋಸಿ, ಅದರೊಳಗೆ ತುಂಬಿಡುತ್ತಿದ್ದಳು. ಮೊದಲೆರಡು ಮಳೆಯ ನೀರನ್ನು ಮುಟ್ಟುತ್ತಿರಲಿಲ್ಲ. ಅದು ತಗಡು ತೊಳೆಯುವ ಮಳೆಯಂತೆ. ಮೂರನೆಯದಕ್ಕೆ ಮನೆಮಂದಿಯೆಲ್ಲ ಕೈಗೆ ಸಿಕ್ಕ ಪಾತ್ರೆ ಹಿಡಿದು ಅಂಗಳಕ್ಕೆ ಓಡಬೇಕು. ಹಾಗೆ ತುಂಬಿದ ನೀರಿಗೆ 'ಬ್ಯಾಳಿ ನೀರು' ಎಂದೇ ಹೆಸರು. ಕುಡಿಯುವುದಕ್ಕಲ್ಲ, ಬೇರೆ ಯಾವುದಕ್ಕೂ ಅಲ್ಲ, ಬೇಳೆ ಬೇಯಿಸುವುದಕ್ಕೆ ಮಾತ್ರ. ದೇವರ ಕೋಣೆಗೆ ಕೈಕಾಲು ತೊಳೆದು ಹೋದರೆ ಸಾಕಿತ್ತು. ಹರವಿಯ ಹತ್ತಿರ ಹೋಗಬೇಕಾದರೆ ಆಯಿಯ ಅಪ್ಪಣೆಯೂ ಬೇಕಿತ್ತು.

ನೀರಿನ ವಿಷಯದಲ್ಲಿ ಆಯಿಯ ಕಾಯಿದೆಗಳು ಇನ್ನೂ ಬಹಳ ಇದ್ದವು. ಪಾತ್ರೆ ತೊಳೆದ ಮುಸುರೆ ನೀರು ಎಮ್ಮೆಗೆ, ಕೈ ತೊಳೆದದ್ದು ಕರಿಬೇವಿಗೆ, ಬೀಗರು ಬಂದಾಗ ಕಾಲು ತೊಳೆದದ್ದು ನುಗ್ಗೆಗೆ. ಇದಕ್ಕಾಗಿಯೇ ನುಗ್ಗೆಗಿಡದ ಬುಡದಲ್ಲಿ ಒಂದು ಚಪ್ಪಡಿ ಕಲ್ಲು ಹಾಕಿಸಿ, ಬಂದವರನ್ನು ಬಹಳ ಉಪಚಾರದಿಂದ ಅಲ್ಲಿಗೇ ಕರೆದೊಯ್ದು ತಂಬಿಗೆ ಕೊಡುತ್ತಿದ್ದಳು. ಜನ ಅದನ್ನು ಮರ್ಯಾದೆ ಎಂದು ತಿಳಿಯುತ್ತಿದ್ದರು. ಇಂಡಿಯಿಂದ ನನ್ನ ಸೋದರಮಾವ ತಂದುಕೊಟ್ಟ ನಿಂಬೆಗಿಡವೊಂದು ಬಚ್ಚಲ ಮೋರಿಯ ಕೊನೆಗಿತ್ತು. ಅದರ ಎಲೆ ಬಾಡಿದ್ದು ಕಂಡರೆ ಆಯಿ ಅಪ್ಪನನ್ನು ಕೂಗುತ್ತಿದ್ದಳು: "ಮಲ್ಲಪ್ಪಾ, ಗಿಡಾ ಒಣಗಾಕತ್ತೈತಿ, ಏಳು, ಜಳಕಾ ಮಾಡು." ಅಪ್ಪ ಮಾಡಿದ್ದ ಜಳಕವನ್ನೇ ಮತ್ತೊಮ್ಮೆ ಮಾಡಿ ಬರುತ್ತಿದ್ದ. ಸವಳಿಗೆ ಮುನಿಸಿಕೊಂಡ ಆ ಗಿಡ ವರ್ಷಕ್ಕೆ ನಾಲ್ಕೇ ನಾಲ್ಕು ಕಾಯಿ ಬಿಡುತ್ತಿತ್ತು. ಆ ನಾಲ್ಕು ಕಾಯಿಗಾಗಿ ನಮ್ಮ ಅಪ್ಪನಷ್ಟು ಸ್ವಚ್ಛವಾದ ಮನುಷ್ಯ ಸಿಂದಗಿ ತಾಲ್ಲೂಕಿನಲ್ಲೇ ಇರಲಿಲ್ಲ.

ಈಗ ಕಾಕಾನ ವಿಷಯಕ್ಕೆ ಬರುತ್ತೇನೆ. ಸಿದ್ದಣ್ಣ ಕಾಕಾ ಅಪ್ಪನ ತಮ್ಮ. ಮಾತು ಕಡಿಮೆ, ಕೆಲಸ ಜಾಸ್ತಿ. ಬರಗಾಲದ ಕಾಮಗಾರಿಯಲ್ಲಿ ಒಡ್ಡು ಹಾಕುವ ಕೆಲಸಕ್ಕೆ ಹೋಗಿ ಬಂದವನ ತಲೆಯಲ್ಲಿ ಅದೇನು ಹೊಕ್ಕಿತೋ, ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ತೋಡಲು ಶುರು ಮಾಡಿದ. ಹೊಲದ ಮೇಲೆ ಬಿದ್ದ ಮಳೆನೀರೆಲ್ಲ ಆ ಮೂಲೆಯಿಂದಲೇ ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಓಡಿಹೋಗುತ್ತಿತ್ತು. ಅದು ಹೋಗುವ ಮುಂಚೆ ಒಂದಿಷ್ಟು ಕೂತು ಹೋಗಲಿ ಎಂಬುದು ಕಾಕಾನ ವಿಚಾರ. ಎರಡು ಬೇಸಿಗೆ ಒಬ್ಬನೇ ತೋಡಿ, ಬದಿಗೆ ಕಲ್ಲು ಕಟ್ಟಿ, ಹೆಚ್ಚಾದ ನೀರು ಹೋಗಲು ದಾರಿ ಮಾಡಿ, ದನ ಇಳಿಯದ ಹಾಗೆ ಸುತ್ತಲೂ ಜಾಲಿಮುಳ್ಳು ಒಟ್ಟಿದ. ಬಿಳಿಜೋಳ ಬೆಳೆಯುವ ಬಂಗಾರದಂಥ ಎರೆಮಣ್ಣನ್ನು ಅಗೆದು ತೆಗ್ಗು ಮಾಡಿದ್ದಕ್ಕೆ ಊರೆಲ್ಲ ನಕ್ಕಿತು. 'ಸಿದ್ದಣ್ಣನ ಸಮುದ್ರ' ಎಂದು ಹೆಸರಿಟ್ಟರು. ಚಾವಡಿಯ ಮುಂದೆ ಕಾಕಾ ಹೋದರೆ, "ಏನಪಾ, ಹಡಗಾ ಯಾವಾಗ ಬರ್ತೈತಿ?" ಎಂದು ಕೇಳುವವರಿದ್ದರು. ಕಾಕಾ ನಕ್ಕು ಮುಂದೆ ಹೋಗುತ್ತಿದ್ದ. ಆಯಿ ಮಾತ್ರ ನಗುತ್ತಿರಲಿಲ್ಲ, ಯಾಕೆಂದರೆ ಕಾಕಾನಿಗೆ ಹೆಣ್ಣು ಸಿಗುತ್ತಿರಲಿಲ್ಲ.

ಎರಡು ಸಂಬಂಧ ಬಂದು ಹೋಗಿದ್ದವು. ಒಂದು ಬಸವನ ಬಾಗೇವಾಡಿಯ ಕಡೆಯದು, ಇನ್ನೊಂದು ಮುದ್ದೇಬಿಹಾಳದ್ದು. ಹುಡುಗ ಒಪ್ಪಿಗೆ, ಹೊಲ ಒಪ್ಪಿಗೆ, ಮನೆತನ ಒಪ್ಪಿಗೆ. ನೀರು ಕುಡಿದ ಮೇಲೆ ಮಾತ್ರ, "ಊರಿಗೆ ಹೋಗಿ ವಿಚಾರ ಮಾಡಿ ತಿಳಸ್ತೇವ್ರಿ" ಎಂದು ಎದ್ದುಹೋದವರು ಮತ್ತೆ ತಿಳಿಸಲೇ ಇಲ್ಲ. ಮೂರನೆಯ ಸಂಬಂಧ ಬಂದದ್ದು ಆಲಮೇಲದ ಕಡೆಯಿಂದ. ಅವರು ಭೀಮಾ ಹೊಳೆಯ ದಂಡೆಯವರು. ಹೊಳೆ ದಂಡೆಯವರಿಗೆ ತಮ್ಮ ನೀರಿನ ಬಗ್ಗೆ ಇರುವ ಸೊಕ್ಕು ನಿಮಗೆ ಗೊತ್ತೇ ಇದೆ. ಸಾಲದ್ದಕ್ಕೆ ಅಪ್ಪ ಹಿಪ್ಪರಗಿ ಸಂತೆಯಿಂದ ಒಂದು ಸುದ್ದಿ ತಂದ. ಹುಡುಗಿಯ ಅಜ್ಜಿ ನೀಲವ್ವ ಎಂಬಾಕೆ ಮೊಮ್ಮಗಳನ್ನು ಕೊಡುವ ಮೊದಲು ಮನೆ ನೋಡಲು ಹೋದಲ್ಲೆಲ್ಲ ಸೆರಗಿನ ತುದಿಗೆ ಒಂದು ಹಿಡಿ ತೊಗರಿಬೇಳೆ ಕಟ್ಟಿಕೊಂಡು ಹೋಗುತ್ತಾಳಂತೆ. ತನ್ನ ಬೇಳೆ, ಅವರ ನೀರು. ಬೆಂದರೆ ಮಾತು ಮುಂದೆ, ಬೇಯದಿದ್ದರೆ ಬಸ್ಸು.

ಆ ಸುದ್ದಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಬೇಳೆ ಬೇಯಿಸುವುದು ಬಂದ್ ಆಯಿತು. ಹಸ್ತ ಮಳೆ ಮುಗಿದು ಆಕಾಶ ಬೋಳಾಗಿತ್ತು, ಹರವಿಯಲ್ಲಿ ಉಳಿದ ಎರಡು ಕೊಡದಷ್ಟು ನೀರು ನೀಲವ್ವನ ಬೇಳೆಗೆಂದು ಮೀಸಲಾಯಿತು. ಒಂದು ತಿಂಗಳು ಕಡಲೆಹಿಟ್ಟಿನ ಝುಣಕ, ಪುಂಡಿಪಲ್ಯ, ಮತ್ತೆ ಝುಣಕ. "ಬಾವಿ ಊರಿಂದು, ಹರವಿ ನಂದು. ಸುಳ್ಳ ಏನೈತಿ ಇದರಾಗ? ನನ್ನ ಮನಿಗೆ ಬರೂ ಸೊಸಿ ನನ್ನ ಹರವಿ ನೀರಾಗ ಬ್ಯಾಳಿ ಇಡ್ತಾಳ" ಎಂದು ಆಯಿ ತನಗೆ ತಾನೇ ನ್ಯಾಯ ಹೇಳಿಕೊಂಡಳು.

ಇನ್ನು ನನ್ನ ಪ್ರತಾಪ. ನನಗಾಗ ಹತ್ತು ವರ್ಷ. ಬೀಗರು ಬರುವ ದಿನ ಬೆಳಿಗ್ಗೆ ಅವ್ವ ಮತ್ತು ಆಯಿ ಮನೆ ಸಾರಿಸುವುದರಲ್ಲಿ ಮುಳುಗಿದ್ದರು. ನನಗೆ ಹೊಸ ಲಂಗ ಇತ್ತು, ಹೊಸ ರಿಬ್ಬನ್ ಇತ್ತು, ಆದರೆ ತಲೆಯ ಮೇಲೆ ಆ ನಾರು. ಹೊಳೆ ದಂಡೆಯವರ ಮುಂದೆ ಹೀಗೆ ಹೇಗೆ ನಿಲ್ಲುವುದು? ಮಳೆನೀರಿನಲ್ಲಿ ಸಾಬೂನು ಬುರುಬುರು ನೊರೆ ಬಿಡುತ್ತದೆ, ಕೂದಲು ರೇಷ್ಮೆಯಾಗುತ್ತದೆ ಎಂದು ಯಾರೋ ಗೆಳತಿ ಹೇಳಿದ್ದಳು. ಒಂದೇ ತಂಬಿಗೆ ಎಂದುಕೊಂಡು ಹರವಿಯ ಮುಚ್ಚಳ ಸರಿಸಿದೆ.

ಅಪ್ಪ ಸಿಂದಗಿಯಿಂದ ತಂದಿದ್ದ ವಾಸನೆ ಸಾಬೂನು ಉಜ್ಜಿದೆ. ಅಬ್ಬಾ, ಅಂಥ ನೊರೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೈಯಲ್ಲಿ ಹಿಡಿದು ಊದಿದೆ, ಗಡ್ಡ ಮಾಡಿಕೊಂಡೆ, ನಮ್ಮ ಎಮ್ಮೆಯ ಹಾಗೆ ಕೋಡು ಮಾಡಿಕೊಂಡೆ. ತೊಂದರೆ ಆದದ್ದು ತೊಳೆಯುವಾಗ. ಸವಳು ನೀರಾದರೆ ಒಂದು ತಂಬಿಗೆಗೇ ಸಾಬೂನಿನ ಜಾರು ಹೋಗಿಬಿಡುತ್ತದೆ. ಮಳೆನೀರಿನಲ್ಲಿ ಎಷ್ಟು ಸುರಿದರೂ ಕೂದಲು ಜಾರುತ್ತಲೇ ಇರುತ್ತದೆ, ಇನ್ನೂ ಸಾಬೂನು ಉಳಿದಿದೆ ಅನ್ನಿಸುತ್ತಲೇ ಇರುತ್ತದೆ. ಅದು ಉಳಿದದ್ದಲ್ಲ, ಮೆತ್ತನೆಯ ನೀರಿನ ಗುಣ ಎಂದು ನನಗೇನು ಗೊತ್ತು? ಸುರಿದೆ, ಮತ್ತೆ ಸುರಿದೆ. ತಂಬಿಗೆ ಹರವಿಯ ತಳಕ್ಕೆ ತಾಗಿ ಟಣ್ ಎಂದಾಗ ನನಗೆ ಎಚ್ಚರವಾಯಿತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಒದ್ದೆ ತಲೆಯಲ್ಲೇ ಬಾವಿಗೆ ಹೋಗಿ, ಎರಡು ಸಣ್ಣ ಕೊಡ ನೀರು ತಂದು ಹರವಿಗೆ ಸುರಿದು, ಮುಚ್ಚಳ ಮುಚ್ಚಿ, ಬಿಸಿಲಿಗೆ ನಿಂತು ಕೂದಲು ಆರಿಸಿಕೊಂಡೆ. ನೀರು ನೀರೇ ಅಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ.

ಹತ್ತರ ಬಸ್ಸಿಗೆ ಬೀಗರು ಬಂದರು. ಹುಡುಗಿಯ ತಂದೆ, ಜೊತೆಗೆ ನೀಲವ್ವ. ಸಣ್ಣ ದೇಹ, ದೊಡ್ಡ ಕುಂಕುಮ, ಬಗ್ಗದ ಬೆನ್ನು. ನುಗ್ಗೆಗಿಡದ ಬುಡದಲ್ಲಿ ಕಾಲು ತೊಳೆಯುವಾಗಲೇ ಕೆಳಗೆ ನೋಡಿ, "ಛಲೋ ಜಾಗಾ ನೋಡಿ ಕಲ್ಲ ಹಾಕೀರಿ" ಎಂದಳು. ಇವಳಿಗೆ ಉಪಚಾರ ಅರ್ಥವಾಗಿಬಿಟ್ಟಿತ್ತು. ಒಳಗೆ ಬಂದು ಕೂತು, ಚಹಾ ಕುಡಿದು, ಸೆರಗಿನ ಗಂಟು ಬಿಚ್ಚಿದಳು.

"ತಪ್ಪ ತಿಳಕೋಬ್ಯಾಡ್ರಿ ಯಕ್ಕಾ. ನಮ್ಮ ಕಸ್ತೂರಿ ದಿನಾ ಅಡಗಿ ಮಾಡಾಕಿ. ಇದೊಂದ ಹಿಡಿ ಬ್ಯಾಳಿ ನಿಮ್ಮ ನೀರಾಗ ಇಡ್ರಿ."

"ಅದಕ್ಕೇನ್ರಿ, ಅಗದೀ ಸಂತೋಷದಿಂದ ಇಡೂಣು" ಎಂದ ಆಯಿಯ ಮುಖದಲ್ಲಿ ಗೆದ್ದವಳ ಕಳೆ. ಅವಳೇ ಹರವಿಯಿಂದ ನೀರು ತೆಗೆದಳು, ಅವಳೇ ಒಲೆ ಹೊತ್ತಿಸಿದಳು. ನಾನು ಕಂಬದ ಹಿಂದೆ ನಿಂತೆ.

ಒಂದು ತಾಸಾಯಿತು. ಬೇಳೆ ಕುದಿಯಿತು, ಕುಣಿಯಿತು, ಆದರೆ ಬೇಯಲಿಲ್ಲ. ಆಯಿ ಸೌಟಿನಲ್ಲಿ ತೆಗೆದು ಹಿಚುಕಿದರೆ ಬೆರಳಿನಿಂದ ಸಿಡಿದು ಹೋಯಿತು. ಇನ್ನಷ್ಟು ಕಟ್ಟಿಗೆ ಇಟ್ಟಳು. ಎರಡು ತಾಸಾಯಿತು. ಆಯಿಯ ಹಣೆಯಲ್ಲಿ ಬೆವರು, ಅವ್ವನ ಕಣ್ಣಲ್ಲಿ ನೀರು. ಕಾಕಾ ಹೊರಗಿನ ಕಟ್ಟೆಯ ಮೇಲೆ ಕೂತು ಒಂದು ಹುಲ್ಲುಕಡ್ಡಿಯನ್ನು ಸಣ್ಣಸಣ್ಣಗೆ ಮುರಿಯುತ್ತಿದ್ದ. ಹುಡುಗಿಯ ತಂದೆ ಎರಡು ಸಲ ಕೆಮ್ಮಿ, "ಹಂಗಾರ ಊರಿಗೆ ಹೋಗಿ ವಿಚಾರ ಮಾಡಿ..." ಎಂದು ಶುರು ಮಾಡಿದ. ಆ ಮಾತಿನ ಬಾಲ ನಮಗೆಲ್ಲ ಬಾಯಿಪಾಠವಾಗಿತ್ತು.

ನೀಲವ್ವ ಏಳಲು ಕಂಬದ ಕಡೆ ಕೈ ಚಾಚಿದಳು. ಅಷ್ಟು ಹೊತ್ತಿಗೆ ನಾನು ಕಂಬದ ಹಿಂದೆ ಮುದುಡಿ ಕೂತಿದ್ದರಿಂದ ಅವಳ ಕೈ ನನ್ನ ತಲೆಯ ಮೇಲೆ ಬಂತು. ಬಂದದ್ದು ಅಲ್ಲೇ ನಿಂತಿತು. ಅವಳು ನನ್ನ ಜಡೆಯನ್ನು ಹಿಡಿದು, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದಳು.

"ಈ ಕೂಸಿನ ಕೂದಲಾ ಇಷ್ಟ ಮೆತ್ತಗ ಹ್ಯಾಂಗ ಅದಾವ? ಈ ಊರ ನೀರಾಗ ತಲಿ ಹಿಂಗ ಆಗೂದಿಲ್ಲ. ಯವ್ವಾ, ಎಲ್ಲಿ ಎರಕೊಂಡಿ?"

ಮನೆಮಂದಿಯೆಲ್ಲ ನನ್ನ ತಲೆಯನ್ನು ನೋಡಿದರು. ಎಲ್ಲರ ಜಡೆ ಅಡ್ಡ ನಿಲ್ಲುವ ಊರಿನಲ್ಲಿ ನನ್ನದೊಂದು ಮಾತ್ರ ಹಾವಿನ ಹಾಗೆ ಬೆನ್ನ ಮೇಲೆ ಇಳಿದಿತ್ತು. ಕಾಕಾ ಕಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದ. ಬೈಯುವ ನೋಟವಲ್ಲ, ಏನೋ ಕೇಳುವ ನೋಟ. ಅದನ್ನು ತಡೆಯಲಾರದೆ ನಾನು ಬಾಯಿ ತೆಗೆದು ಅತ್ತೆ.

"ಹರವ್ಯಾಗಿಂದ ಎರಕೊಂಡೇನಿ. ಬ್ಯಾಳಿ ನೀರೆಲ್ಲಾ ಖಾಲಿ ಮಾಡೇನಿ. ಈಗ ಅದರಾಗ ಇರೂದು ಬಾವಿ ನೀರು. ಕಾಕಾಂದು ಏನೂ ತಪ್ಪಿಲ್ಲ!"

ಅವ್ವ ಓಡಿಹೋಗಿ ನೋಡಿದಳು. ನಿಂಬೆಗಿಡದ ಬುಡದಲ್ಲಿ ನೊರೆಯ ಬಿಳಿ ಕಲೆ ಇನ್ನೂ ಉಳಿದಿತ್ತು. ಆಯಿ ಸೌಟನ್ನು ಎತ್ತಿಕೊಂಡು ನನ್ನ ಕಡೆ ಬಂದಳು. ನೀಲವ್ವ ನಡುವೆ ಕೈ ಅಡ್ಡ ಹಿಡಿದು, ಮೊದಲು ಗಂಭೀರವಾಗಿ ನಿಂತವಳು, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು.

"ಇರಲಿ ಬಿಡ್ರಿ ಯಕ್ಕಾ, ಬ್ಯಾಳಿ ಬೇಯದಿದ್ರೂ ಕೂಸಿನ ತಲಿ ಆದ್ರೂ ಬೆಂದೈತಲ್ಲ! ಆದ್ರ ನಾ ಬ್ಯಾಳಿ ನೋಡಾಕ ಬಂದಾಕಿ. ಆ ನೀರು ಇನ್ನೂ ಎಲ್ಲೆರೆ ಐತೇನು?"

ಆಗ ಕಾಕಾ ಎದ್ದು ನಿಂತ. ಅವನು ಪರರ ಮುಂದೆ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹೊಲದಾಗ ಐತ್ರಿ. ಮಳಿ ನೀರ. ರಾಡಿ ಐತಂತ ಮನ್ಯಾಗ ಯಾರೂ ಮುಟ್ಟೂದಿಲ್ಲ, ಖರೇ. ಆದ್ರ ಸವಳಿಲ್ಲ. ನೋಡ್ತೀನಂದ್ರ ತೋರಿಸ್ತೇನಿ."

ಬಂಡಿ ಹೂಡಲು ನೀಲವ್ವ ಬಿಡಲಿಲ್ಲ, ನಡೆದೇ ಹೊರಟಳು. ಅವಳ ಹಿಂದೆ ನಮ್ಮ ಮನೆ, ನಮ್ಮ ಮನೆಯ ಹಿಂದೆ ಅರ್ಧ ಊರು. ಹಡಗು ಬಂದೀತೇ ಎಂದು ಕೇಳುತ್ತಿದ್ದವರೂ ಇದ್ದರು. ಜಾಲಿಮುಳ್ಳು ಸರಿಸಿ ಕಾಕಾ ದಾರಿ ಮಾಡಿಕೊಟ್ಟ. ಆಚೆ ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು, ಈಚೆ ಬಿಸಿಲಲ್ಲಿ ಮಿರಿಮಿರಿ ಮಿಂಚುವ ನೀರು. ನೀಲವ್ವ ಕಲ್ಲಿನ ಮೆಟ್ಟಿಲಿಳಿದು ಒಂದು ಬೊಗಸೆ ಎತ್ತಿ ಕುಡಿದಳು. ಬಾಯಲ್ಲಿ ಆಡಿಸಿ ನುಂಗಿದಳು.

"ಇದನ್ನ ಯಾರ ತೋಡಿದ್ರು?"

"ನಾನ ರೀ."

"ಎಷ್ಟ ದಿನಾ ಹಿಡೀತು?"

"ಎರಡ ಬ್ಯಾಸಗಿ ರೀ."

"ಮಂದಿ ನಗಲಿಲ್ಲೇನು?"

ಕಾಕಾ ಒಮ್ಮೆ ಹಿಂದೆ ನಿಂತ ಊರನ್ನು ನೋಡಿದ. "ಈಗೂ ನಗಾಕತ್ತಾರ ರೀ" ಎಂದ. ಆ ಕ್ಷಣ ನಿಜಕ್ಕೂ ಯಾರೂ ನಗುತ್ತಿರಲಿಲ್ಲ.

ಎರಡು ಕೊಡ ನೀರು ಮನೆಗೆ ಬಂತು. ಆಯಿ ಅದರಲ್ಲಿ ಪಟಕದ ತುಂಡನ್ನು ನಾಲ್ಕು ಸುತ್ತು ಆಡಿಸಿ ಬಿಟ್ಟಳು. ಮಣ್ಣೆಲ್ಲ ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುವ ಹೊತ್ತಿಗೆ ಮೂರರ ಬಸ್ಸು ಹೋಗಿತ್ತು. ಹೋಗಲಿ ಎಂದಳು ನೀಲವ್ವ. ಸೆರಗಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಗಂಟಿತ್ತು. ಅದು ಬೇರೆಯವರ ಮನೆಗೆ ಇಟ್ಟುಕೊಂಡದ್ದಂತೆ, ಅದನ್ನೂ ಬಿಚ್ಚಿ ಕೊಟ್ಟಳು. ಬೇಳೆ ಒಲೆಯ ಮೇಲೆ ಏರಿತು. ನಾವೆಲ್ಲ ಸುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಹಳದಿ ನೊರೆ ಉಕ್ಕಿ ಬಂತು, ಅದರ ಹಿಂದೆಯೇ ಬೆಂದ ತೊಗರಿಯ ಆ ಸಿಹಿ ಘಮ. ಒಂದು ತಿಂಗಳು ಝುಣಕ ತಿಂದವರಿಗೆ ಆ ಘಮ ಏನೆಂದು ಹೇಳಿದರೆ ತಿಳಿಯುವುದಿಲ್ಲ. ನೀಲವ್ವ ಎರಡು ಬೆರಳಲ್ಲಿ ಒಂದು ಕಾಳನ್ನು ಒತ್ತಿದಳು.

"ಬೆಣ್ಣಿ ಆತು. ಸಕ್ರಿ ತರ್ರಿ."

ಮಾತು ಮುಗಿಯಿತೆಂದರೆ ಸಕ್ಕರೆ ಹಂಚುವುದು ನಮ್ಮಲ್ಲಿ ಪದ್ಧತಿ. ಆಯಿ ಸಕ್ಕರೆಯ ಡಬ್ಬಿ ತರಲು ಹೋದವಳು ಅಡುಗೆಮನೆಯಲ್ಲಿ ನಿಂತು ಅತ್ತು ಬಂದಳು. ನನಗೆ ಕೊನೆಗೆ ಕೊಟ್ಟಳು, ಆದರೆ ಎಲ್ಲರಿಗಿಂತ ಜಾಸ್ತಿ ಕೊಟ್ಟಳು.

ಮದುವೆಯಾಗಿ ಕಸ್ತೂರಿ ಕಾಕಿ ನಮ್ಮ ಮನೆಗೆ ಬಂದಳು. ಹೊಸ ಸೊಸೆಯನ್ನು ಬಾವಿಗೆ ಕರೆದೊಯ್ದು ಗಂಗೆ ಪೂಜೆ ಮಾಡಿಸಿ, ತುಂಬಿದ ಕೊಡ ಮನೆಗೆ ತರಿಸುವುದು ರೂಢಿ. ಮುತ್ತೈದೆಯರೆಲ್ಲ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾವಿಯ ದಾರಿ ಹಿಡಿದಾಗ ಆಯಿ, "ಆ ಕಡೆ ಅಲ್ರೆವ್ವ, ಈ ಕಡೆ" ಎಂದು ಹೊಲದ ಕಡೆ ತಿರುಗಿದಳು. ಸಿದ್ದಣ್ಣನ ಸಮುದ್ರದ ದಂಡೆಯಲ್ಲಿ ಐದು ಕಲ್ಲಿಟ್ಟು, ಅರಿಶಿನ ಹಚ್ಚಿ, ಕರಿಬಳೆ ಇಟ್ಟು ಪೂಜೆ ಮಾಡಿದರು. ನಕ್ಕವರ ಹೆಂಡಂದಿರೇ ಆರತಿ ಹಾಡಿದರು. ದೂರದಲ್ಲಿ ನಿಂತಿದ್ದ ಕಾಕಾ ರುಮಾಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ಬಿಸಿಲಿಗೆ ಎಂದು ಎಲ್ಲರೂ ತಿಳಿದರು. ಆಮೇಲೆ ಕಾಕಿ ತುಂಬಿದ ಕೊಡಗಳಲ್ಲಿ ಒಂದನ್ನು ನನ್ನ ಸೊಂಟದ ಮೇಲಿಟ್ಟು, "ನೀನ ಅಲ್ಲೇನ, ತಲಿ ಎರಕೊಂಡಾಕಿ? ಇದನ್ನ ಚೆಲ್ಲದ ಒಯ್ಯಿ ನೋಡೂಣು" ಎಂದಳು. ನಾನು ಉಸಿರು ಬಿಗಿಹಿಡಿದು ಮನೆಯವರೆಗೆ ಒಂದು ಹನಿಯೂ ತುಳುಕದ ಹಾಗೆ ಒಯ್ದೆ. ಆಯಿ ಅದನ್ನು ಹರವಿಗೆ ಸುರಿದು, ಮುಚ್ಚಳ ಮುಚ್ಚಿ, ನನ್ನ ಮುಖ ನೋಡುತ್ತಲೇ ಅದರ ಮೇಲೊಂದು ಗುಂಡುಕಲ್ಲು ಇಟ್ಟಳು.

ಮರುವರ್ಷ ನಮ್ಮೂರ ಹೊಲಗಳಲ್ಲಿ ಇನ್ನೂ ನಾಲ್ಕು ಸಮುದ್ರ ಹುಟ್ಟಿದವು. ಮದುವೆಯಾಗದ ಹುಡುಗರೇ ತೋಡಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಟ್ಯಾಂಕರಿನ ನೀರಿನಲ್ಲಿ ಬೇಳೆ ಬೇಯದಿದ್ದಾಗ, ನಿನ್ನೆ ಸಂಜೆಯೇ ನಾನು ಕಾಕಿಗೆ ಫೋನು ಮಾಡಿ, ಎರಡು ಕ್ಯಾನು ಮಳೆನೀರು ಬೇಕು, ನಾಳೆ ಬರುತ್ತೇನೆ ಎಂದೆ. ಇವತ್ತು ಬೆಳಿಗ್ಗೆ ಹೋದೆ. ಕಾಕಾ ಇಲ್ಲ, ಅವನ ತೆಗ್ಗು ಇದೆ, ಹರವಿಯೂ ಇದೆ. ಕಾಕಿಗೆ ಈಗ ಎಪ್ಪತ್ತು ದಾಟಿದೆ, ಹಲ್ಲು ಹೋಗಿವೆ, ನಗು ಮಾತ್ರ ಹಾಗೇ ಇದೆ. ಅಡುಗೆಮನೆಯ ಮೂಲೆಗೆ ಹೋಗಿ ನೋಡಿದರೆ ಹರವಿಯ ಮುಚ್ಚಳದ ಮೇಲೆ ಅದೇ ಗುಂಡುಕಲ್ಲು.

"ಇನ್ನೂ ಈ ಕಲ್ಲ ಇಡ್ತೀಯೇನ ಕಾಕಿ?" ಎಂದೆ.

"ಇಲ್ಲವ್ವ, ಅದನ್ನ ತಗದ ಎಷ್ಟೋ ವರ್ಷ ಆತು" ಎಂದಳು ಕಾಕಿ. "ನಿನ್ನಿ ನಿನ್ನ ಫೋನ್ ಬಂತಲ್ಲ, ಆಗ ಹುಡುಕಿ ತಂದು ಇಟ್ಟೆ."